ಗುರುವಾರ

ಬಿಷ್ಕೆಕ್ಕಿನ ಓಶ್ ಬಜಾರಿನ ಹಿಂಬದಿ
ಬೀಗದ ಕೈ ಮಾಡುವ ರವ್ಶಾನನ ಪಕ್ಕ
ಒಂದು ತಗಡಿನ ಡಬ್ಬ. ಒಳಗೆ ಎಸೆನ್‌ಬೆಕ್,
ಅವನ ಮೊಳೆಗಳು, ಅವನ ಕೆಮ್ಮು,
ಮೇಲಿನ ಹಲಗೆಯಲ್ಲಿ ಒಂದು ಜೊತೆ ಕಂದು ಬೂಟು.

ಮೂವತ್ತೇಳನೇ ಅಳತೆ. ಅಟ್ಟೆಯಡಿ ಸೀಮೆಸುಣ್ಣದಲ್ಲಿ
'ನಾಜಿಪಾ, ಗುರುವಾರ.'
ಮಾಸಿದಾಗೆಲ್ಲ ಅದರ ಮೇಲೇ ತಿದ್ದಿ ತಿದ್ದಿ
ಈಗ ಅದು ಬರಹವಲ್ಲ,
ಮಾದ ಗಾಯದ ಹಾಗೆ ದಪ್ಪ.

ಗುರುವಾರ ಅಂದಿದ್ದಳು. ಖಂಡಿತ ಅಂದಿದ್ದಳು.
ಅಂದಿದ್ದಾಳಲ್ಲ ಎಂದು ಇವನು ಬುಧವಾರ ರಾತ್ರಿ
ಮೇಣದಬತ್ತಿ ಹಚ್ಚಿಕೊಂಡು ಹಿಮ್ಮಡಿ ಕೂರಿಸಿದ್ದ.
ಹನ್ನೊಂದು ಚಳಿಗಾಲವಾಯಿತು.

ಪಕ್ಕದಲ್ಲಿ ರವ್ಶಾನ್ ಫೋನಿಗೆ ಹೇಳುತ್ತಾನೆ,
'ದಾರಿಯಲ್ಲಿದ್ದೀನಿ, ಐದೇ ನಿಮಿಷ.'
ಕಾಲು ಕುರ್ಚಿಯ ಮೇಲಿರುತ್ತದೆ,
ಚಹಾ ಇನ್ನೂ ಹಬೆಯಾಡುತ್ತಿರುತ್ತದೆ.
ಅತ್ತಲಿನವನಿಗೂ ಗೊತ್ತು. ಅವನೂ ಹೊರಟಿಲ್ಲ.
ಇಬ್ಬರ ಸುಳ್ಳೂ ತಡವಾಗಿ, ಒಟ್ಟಿಗೇ ಬಂದು ಸೇರುತ್ತವೆ.
ಇದಕ್ಕೂ ಒಂದು ಬಗೆಯ ನಿಯತ್ತು ಬೇಕೇನೋ.

ಬಜಾರಿನ ಯಜಮಾನ ಚಾವಣಿ ಹಾಕಿಸುತ್ತೇನೆಂದು
ಮೊಹರೊತ್ತಿದ ಕಾಗದ ಕೊಟ್ಟಿದ್ದ, ಪ್ಲಾಸ್ಟಿಕ್ ಹೊದಿಸಿ.
ಸೋರುವ ಜಾಗಕ್ಕೆ ಅದನ್ನೇ ಬಡಿದಿದ್ದಾರೆ.

ಮಾತು ಕೊಡುವಾಗ ಕೈ ಕೊಡುತ್ತಾರೆ.
ಆಮೇಲೆ ಇನ್ನೊಮ್ಮೆ ಕೈ ಕೊಡುತ್ತಾರೆ.
ಎರಡಕ್ಕೂ ಅದೇ ಕೈ ಸಾಕು.

'ಮಾರಿಬಿಡು,' ಅನ್ನುತ್ತಾನೆ ರವ್ಶಾನ್, 'ಸಾವಿರ ಸೋಮ್ ಬರುತ್ತೆ.'
ಎಸೆನ್‌ಬೆಕ್ ಮೊಳೆ ಕಚ್ಚಿಕೊಂಡೇ ಅನ್ನುತ್ತಾನೆ, 'ಅಮಾನತ್.'
(ನಮ್ಮಲ್ಲಿಗೂ ಬಂದಿದೆ ಆ ಪದ,
ಬಂದು ಸರ್ಕಾರಿ ಕೆಲಸಕ್ಕೆ ಸೇರಿ
ಗುಮಾಸ್ತರನ್ನು ಮನೆಗೆ ಕಳಿಸುತ್ತಿದೆ.
ಅಲ್ಲಿ ಅದಕ್ಕಿನ್ನೂ ಹಳೆಯ ಅರ್ಥ:
ನಂಬಿ ಬಿಟ್ಟುಹೋದದ್ದು.)
'ಅವಳು ಬರ್ತೀನಿ ಅಂದಳು. ನಾನು ಇಟ್ಟಿರ್ತೀನಿ ಅಂದೆ.
ಅವಳದು ತಪ್ಪಿತು ಅಂತ ನನ್ನದೂ ತಪ್ಪಬೇಕಾ?'

ಫೆಬ್ರವರಿ. ಹಿಮ ಕರಗಿ ಕೆಸರು.
ಒಬ್ಬ ಹುಡುಗಿ, ಹದಿನೈದೋ ಹದಿನಾರೋ,
ಬಟ್ಟೆಯ ಶೂ ನೆನೆದು ಕಪ್ಪಾಗಿತ್ತು.
'ಅಮ್ಮನ ಬೂಟು ಒಯ್ಯೋಕೆ ಬಂದೆ. ಅದೇ, ಆ ಕಂದು.'
'ಅಮ್ಮನ ಹೆಸರು?'
ಹಲಗೆಯತ್ತ ನೋಡಿದಳು. ಬೂಟು ಏನೂ ಹೇಳಿಕೊಡಲಿಲ್ಲ.
'ಗುಲ್ಸಾರಾ.'

ಎಸೆನ್‌ಬೆಕ್ ಮುಖ ನೋಡಲಿಲ್ಲ, ಕಾಲು ನೋಡಿದ,
ಅದು ಅವನ ಕಸುಬು.
ಮೂವತ್ತೇಳು.
'ಇನ್ನೂ ಆಗಿಲ್ಲ,' ಅಂದ. 'ಗುರುವಾರ ಬಾ.'
ಹನ್ನೊಂದು ವರ್ಷದಿಂದ ಹೊಳೆಯುತ್ತಿರುವ ಬೂಟಿನ ಕೆಳಗೇ ಕೂತು
ಇಷ್ಟು ದೊಡ್ಡ ಸುಳ್ಳು!
ರವ್ಶಾನನ ಅರ ನಿಂತುಹೋಯಿತು.

'ಬರ್ತೀನಿ,' ಅಂದಳು.
ಎಲ್ಲರೂ ಅನ್ನುತ್ತಾರೆ.

ಗುರುವಾರ ಬಂದಳು.
ಅಂಗಡಿ ತೆರೆಯುವ ಮೊದಲೇ
ತಗಡಿಗೆ ಬೆನ್ನು ಕೊಟ್ಟು, ಕಾಲ ಮೇಲೆ ಕಾಲಿಟ್ಟು
ಕೊಕ್ಕರೆಯಂತೆ ನಿಂತಿದ್ದಳು.
ಸುಳ್ಳು ಹೇಳಿದವಳು, ಹೇಳಿದ ದಿನಕ್ಕೆ.
ಇದನ್ನು ಎಲ್ಲಿ ಬರೆದಿಡುವುದು, ಯಾರ ಅಟ್ಟೆಯಡಿ?

ಅವನು ಸ್ಟೂಲು ಹತ್ತಿದ. ಇಳಿಯಲು ತುಂಬ ಹೊತ್ತು ಹಿಡಿಯಿತು.
ಹೆಬ್ಬೆರಳಿಗೆ ಉಗುಳು ಹಚ್ಚಿ ಅಟ್ಟೆ ಉಜ್ಜಿದ.
ಹೆಸರು ಹೋಗಲಿಲ್ಲ.
'ಇರಲಿ,' ಅಂದ, 'ನಡೆದರೆ ಹೋಗುತ್ತೆ.'

ಅವಳು ಹೋದ ಮೇಲೆ ರವ್ಶಾನ್ ಕೇಳಿದ,
'ಈಗ ಆ ನಾಜಿಪಾ ಬಂದರೆ?'
ಎಸೆನ್‌ಬೆಕ್ ಖಾಲಿ ಹಲಗೆಯ ಮೇಲೆ
ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದ.
ಬರೆದು, ಕಂದು ಚರ್ಮದ ಸುರುಳಿ ಬಿಚ್ಚಿ
ಕತ್ತರಿಗೆ ಸಾಣೆ ಹಿಡಿದ.
'ಆ ಮುದುಕಿಗೆ ಬೀಗದ ಕೈ ಯಾವಾಗ ಕೊಡ್ತೀಯ?
ಎರಡು ಸಲ ಬಂದು ಹೋದಳು.'

'ಐದೇ ನಿಮಿಷ,' ಅಂದ ರವ್ಶಾನ್.